ಲೈಸೆನ್ಸ್ ಸಡಿಲ ಆದ್ರೆ ಸಾಕಾ? ಬಂಗಿ ಬೆಳೆದ ರೈತರ ನೂರು ವರ್ಷದ ಕಥೆ

ಎರಡು ವಾರದಿಂದ ಏನೂ ಬರೆಯೋಕೆ ಆಗಿರಲಿಲ್ಲ. ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ರಾತ್ರಿ ಬ್ಯಾರನ್ ಹತ್ರ ಕೂತು ಬೆಂಕಿ ನೋಡೋದು, ಇದರಲ್ಲೇ ದಿನ ಹೋಯ್ತು. ಆದ್ರೆ ಬೆಂಕಿ ಕಾಯುವಾಗ ಓದೋಕೆ ಸಮಯ ಸಿಗ್ತದೆ. ಈ ಸಲ ಓದಿದ್ದು ನಮ್ಮ ಹೊಗೆಸೊಪ್ಪಿನ ವಿಷಯ ಅಲ್ಲ, ಬಂಗಿ ಸೊಪ್ಪಿನ ವಿಷಯ. ಗಾಬರಿ ಆಗಬೇಡಿ, ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ನಮ್ಮೂರಿನ ಟೀ ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಇನ್‌ಶರ್ಟು, ಕೈಲೊಂದು ಫೈಲು. ಕಂಪನಿ ಹೆಸರು ಇಲ್ಲಿ ಬೇಡ. 'ಹೆಂಪ್ ಬೆಳೆ ಬರ್ತಾ ಇದೆ ಯಜಮಾನ್ರೇ. ಸರ್ಕಾರ ಲೈಸೆನ್ಸ್ ಸಡಿಲ ಮಾಡ್ತಿದೆ. ಹೊಗೆಸೊಪ್ಪಿಗೆ ಇನ್ನು ಭವಿಷ್ಯ ಇಲ್ಲ. ಈಗಲೇ ಬೀಜಕ್ಕೆ ಎಕರೆಗೆ ಇಷ್ಟು ಅಂತ ಮುಂಗಡ ಕಟ್ಟಿದವರಿಗೆ ಮೊದಲ ಅವಕಾಶ' ಅಂದ. ನಾಲ್ಕೈದು ಜನ ಹೆಸರು ಬರೆಸಿದ್ರು. ಅದರಲ್ಲಿ ನನ್ನ ಮಗನೂ ಒಬ್ಬ. ಮನೇಲಿ ಅದೇ ಮಾತು: 'ಅಪ್ಪ, ನೀವು ಯಾವುದಕ್ಕೂ ಮೊದಲು ಬೇಡ ಅಂತೀರಿ.'

ಬೇಡ ಅನ್ನೋಕೆ ಮುಂಚೆ ತಿಳ್ಕೊಳ್ಳೋಣ ಅಂತ ಕೂತೆ. ಇಂಗ್ಲಿಷಿನಲ್ಲಿ ಇರೋದನ್ನ ಮಗಳು ಓದಿ ಹೇಳಿದಳು. ಈ ಗಿಡ ಬೆಳೆದ ರೈತರಿಗೆ ಹಿಂದೆ ಯಾವ ಯಾವ ಊರಲ್ಲಿ ಲೈಸೆನ್ಸ್ ಕೊಟ್ಟಿದ್ರು, ಕೊಟ್ಟ ಮೇಲೆ ಏನಾಯ್ತು, ಯಾರು ಉಳಿದ್ರು ಅಂತ ಹುಡುಕಿದ್ವಿ. ತಿಳಿದಷ್ಟನ್ನ ನಿಮ್ಮ ಮುಂದೆ ಇಡ್ತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು ಹಸಿರು ಗೊಬ್ಬರಕ್ಕೆ ಚೆಲ್ಲಿ ಉಳುಮೆ ಮಾಡ್ತೀವಲ್ಲ, ಹಳದಿ ಹೂವಿನ ಅಪ್ಸೆಣಬು, ಅದು ಬೇರೆ. ಅದನ್ನೂ ಇಂಗ್ಲಿಷಿನಲ್ಲಿ 'ಸನ್ ಹೆಂಪ್' ಅಂತಾರೆ, ಅದಕ್ಕೇ ಕೆಲವರಿಗೆ ಎರಡೂ ಒಂದೇ ಅಂತ ಅನ್ನಿಸಿಬಿಡ್ತದೆ. ಅಪ್ಸೆಣಬು ಅವರೆ, ಹುರುಳಿ ಜಾತಿಯದು, ಅದಕ್ಕೆ ಯಾವ ಕಾನೂನೂ ಅಡ್ಡ ಇಲ್ಲ. ಆ ಹುಡುಗ ಹೇಳಿದ ಹೆಂಪ್ ಅಂದ್ರೆ ಗಾಂಜಾ ಗಿಡದ್ದೇ ಜಾತಿ. ನಾರಿಗೆ, ಬೀಜಕ್ಕೆ ಅಂತ ಬೆಳೆಯೋ ತಳಿಯಲ್ಲಿ ಅಮಲು ಕೊಡೋ ಅಂಶ ಬಹಳ ಕಡಿಮೆ. ಆ ಅಂಶಕ್ಕೆ ಟಿಎಚ್‌ಸಿ ಅಂತಾರೆ. ಕಣ್ಣಲ್ಲಿ ನೋಡಿದ್ರೆ ಎರಡೂ ಗಿಡ ಹೆಚ್ಚುಕಮ್ಮಿ ಒಂದೇ ಥರ. ಯಾವುದು ಯಾವುದು ಅಂತ ಪಕ್ಕಾ ಹೇಳಬೇಕಾದ್ರೆ ಲ್ಯಾಬೇ ಗತಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ಈಗ ಹಳೇ ಕಥೆ. ಬ್ರಿಟಿಷರ ಕಾಲದಲ್ಲಿ ಗಾಂಜಾ ನಿಷೇಧ ಇರಲಿಲ್ಲ, ತೆರಿಗೆ ಬರೋ ಮಾಲಾಗಿತ್ತು. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇದರ ಬಗ್ಗೆ ಪ್ರಶ್ನೆ ಎದ್ದ ಮೇಲೆ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಅಂತ ಒಂದು ಆಯೋಗ ಮಾಡಿದ್ರು. ಅವರು ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ತಗೊಂಡು 1894ರಲ್ಲಿ ಸಂಪುಟಗಟ್ಟಲೆ ವರದಿ ಕೊಟ್ರು. ಪೂರ್ತಿ ನಿಷೇಧ ಬೇಕಿಲ್ಲ, ಆದ್ರೆ ಲೈಸೆನ್ಸ್ ಇಲ್ಲದೆ ಯಾರೂ ಬೆಳೆಯಬಾರದು, ಬೆಳೆಯೋ ಜಾಗ ಒಂದೆರಡು ಕಡೆಗೆ ಸೀಮಿತ ಆಗಬೇಕು, ತೆರಿಗೆ ಸರಿಯಾಗಿ ಹಾಕಬೇಕು ಅನ್ನೋದು ಅದರ ಸಾರ. ಇದಕ್ಕೆಲ್ಲ ಮಾದರಿ ಅಂತ ಅವರು ತೋರಿಸಿದ್ದು ಬಂಗಾಳದ ಪದ್ಧತಿಯನ್ನ.

ಬಂಗಾಳದಲ್ಲಿ ಗಾಂಜಾ ಬೆಳೆಯೋಕೆ ಬಿಟ್ಟಿದ್ದು ರಾಜಶಾಹಿ ಜಿಲ್ಲೆ ನೌಗಾಂವ್ ಸುತ್ತಮುತ್ತ ಮಾತ್ರ. ಅದು ಈಗ ಬಾಂಗ್ಲಾದೇಶದಲ್ಲಿದೆ. ಆ ಸೀಮೆಗೆ 'ಗಾಂಜಾ ಮಹಲ್' ಅಂತಲೇ ಹೆಸರು. ಅಲ್ಲಿನವರೂ ನಮ್ಮಂಥ ಸಣ್ಣ ರೈತರೇ. ಬೆಳೆಯೋಕೆ ಮುಂಚೆ ಲೈಸೆನ್ಸ್ ತಗೋಬೇಕು. ಯಾವ ತಾಕು, ಎಷ್ಟು ನೆಲ ಅಂತ ಅಬಕಾರಿಯವರ ಪುಸ್ತಕದಲ್ಲಿ ಬರೆಸಬೇಕು. ನಾವು ಸಸಿ ಮಡಿ ಮಾಡಿ ನಾಟಿ ಹಾಕೋ ಹಾಗೇ ಅವರೂ ಸಸಿ ಮಾಡಿ ನಾಟಿ ಹಾಕ್ತಿದ್ರು. ಗಿಡ ಹೂ ಬಿಡೋ ಹೊತ್ತಿಗೆ ಗಂಡು ಗಿಡಗಳನ್ನೆಲ್ಲ ಹುಡುಕಿ ಕೀಳಬೇಕು. ಒಂದು ಉಳಿದ್ರೂ ಹೆಣ್ಣು ಗಿಡ ಬೀಜ ಕಟ್ಟಿ ಮಾಲು ಕೆಡ್ತದೆ. ಗಂಡು ಯಾವುದು ಅಂತ ಮೊದಲೇ ಗುರುತು ಹಿಡಿಯೋಕೆ ಪಳಗಿದ ಆಳುಗಳಿದ್ರು, ಅವರಿಗೆ 'ಪೋದ್ದಾರ್' ಅಂತ ಕರೀತಿದ್ರು. ಕುಯ್ದು ಒಣಗಿಸಿದ ಮೇಲೆ ಮಾಲನ್ನ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ಸರ್ಕಾರದ ಕಣ್ಗಾವಲಿನ ಉಗ್ರಾಣಕ್ಕೆ ಹೋಗಬೇಕು.

ಇಷ್ಟೆಲ್ಲ ನಿಯಮ ಪಾಲಿಸಿದ ರೈತನಿಗೆ ಸಿಕ್ಕಿದ್ದೇನು? ತೆರಿಗೆ ಸರ್ಕಾರಕ್ಕೆ ಹೋಯ್ತು, ಲಾಭ ದಲ್ಲಾಳಿಗೆ ಹೋಯ್ತು. ರೈತ ಹಂಗಾಮಿಗೆ ಮುಂಚೆ ಸಾಲ ತಗೊಳ್ತಿದ್ದ, ಸಾಲ ಕೊಟ್ಟವನು ಹೇಳಿದ ರೇಟಿಗೇ ಮಾಲು ಬಿಡ್ತಿದ್ದ. ಲೈಸೆನ್ಸ್ ಇದ್ದವನಿಗೇ ಬೇರೆ ಕಡೆ ಮಾರೋ ದಾರಿ ಇಲ್ಲ, ಯಾಕಂದ್ರೆ ಬೇರೆ ಕಡೆ ಮಾರಿದ್ರೆ ಅದು ಅಪರಾಧ. ಇದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ರೈತನ ಕೈಯನ್ನ ಮಾತ್ರ ಕಟ್ಟಿ ಕೊಳ್ಳೋನ ಕೈ ಬಿಟ್ಟುಬಿಟ್ರೆ ಹೀಗೇ ಆಗೋದು.

1917ರಲ್ಲಿ ನೌಗಾಂವ್ ರೈತರು ಸಹಕಾರ ಸಂಘ ಕಟ್ಟಿದ್ರು. ನೌಗಾಂವ್ ಗಾಂಜಾ ಕಲ್ಟಿವೇಟರ್ಸ್ ಕೋಆಪರೇಟಿವ್ ಸೊಸೈಟಿ ಅಂತ ಅದರ ಹೆಸರು. ಸಾವಿರಾರು ಬೆಳೆಗಾರರು ಸದಸ್ಯರಾದ್ರು. ಆಮೇಲೆ ಮಾಲು ಹೋಗಿದ್ದು ದಲ್ಲಾಳಿ ಮೂಲಕ ಅಲ್ಲ, ಸಂಘದ ಮೂಲಕ. ಸಂಘಕ್ಕೆ ಬಂದ ಲಾಭದಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಮಾಡಿದ್ರು. ಇಲ್ಲಿ ಒಂದು ವಿಷಯ ಗಮನಿಸಿ. 1917ರಲ್ಲಿ ಅಬಕಾರಿ ಕಾನೂನೇನೂ ಸಡಿಲ ಆಗಲಿಲ್ಲ. ಅದೇ ಲೈಸೆನ್ಸು, ಅದೇ ಅಳತೆ, ಅದೇ ಉಗ್ರಾಣ. ಬದಲಾಗಿದ್ದು ಮಾಲು ಯಾರ ಕೈಯಿಂದ ಮಾರಾಟ ಆಗ್ತದೆ ಅನ್ನೋದು ಒಂದೇ. ಅಷ್ಟರಿಂದಲೇ ರೈತನ ಬಾಳು ಬದಲಾಯ್ತು. ಮುಂದೆ ಪಾಕಿಸ್ತಾನ ಆಯ್ತು, ಬಾಂಗ್ಲಾದೇಶ ಆಯ್ತು, 1980ರ ದಶಕದ ಕೊನೆ ಹೊತ್ತಿಗೆ ಅಲ್ಲಿನ ಸರ್ಕಾರ ಆ ಬೆಳೆಯನ್ನೇ ನಿಲ್ಲಿಸಿತು.

ಇದನ್ನ ಓದ್ತಾ ನನಗೆ 1984 ನೆನಪಾಯ್ತು. ತಂಬಾಕು ಮಂಡಳಿ ಹರಾಜು ಪದ್ಧತಿ ಮೊದಲು ಶುರು ಮಾಡಿದ್ದು ಆ ವರ್ಷ, ನಮ್ಮ ಕರ್ನಾಟಕದಲ್ಲೇ. ಆಂಧ್ರದಲ್ಲಿ ಶುರು ಆಗಿದ್ದು ಅದರ ಮುಂದಿನ ವರ್ಷ. ನಾನಾಗ ಮಿಡ್ಲ್ ಸ್ಕೂಲು. ಅಪ್ಪನ ಜೊತೆ ಬೇಲ್ ಮೇಲೆ ಕೂತು ಹೋಗಿದ್ದೆ. ಅದಕ್ಕೆ ಮುಂಚೆ ಕೊಳ್ಳೋರು ಹೇಳಿದ್ದೇ ಗ್ರೇಡು, ಅವರು ಹೇಳಿದ್ದೇ ರೇಟು ಅಂತ ಅಪ್ಪ ಸಾಯೋ ತನಕ ಹೇಳ್ತಿದ್ರು. ಹರಾಜಿನಲ್ಲೂ ಕಷ್ಟ ಇದೆ, ರೇಟು ಬೀಳೋ ದಿನ ಇದೆ, ನಾವೆಲ್ಲ ರಸ್ತೇಲಿ ಕೂತಿದ್ದೂ ಇದೆ. ಆದ್ರೂ ನಾಲ್ಕು ಜನ ಕೊಳ್ಳೋರ ಮುಂದೆ ನಮ್ಮ ಬೇಲ್ ಬಿಚ್ಚಿಡೋದಕ್ಕೂ, ಒಬ್ಬನ ಮುಂದೆ ಕೈ ಕಟ್ಟಿ ನಿಲ್ಲೋದಕ್ಕೂ ವ್ಯತ್ಯಾಸ ಇದೆ. ಮೊನ್ನೆ 2025ರಲ್ಲಿ ನಮ್ಮ ನೋಂದಣಿ ಅವಧಿಯನ್ನ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿಸಿದ್ರು. ಒಳ್ಳೇದೇ ಆಯ್ತು, ವರ್ಷ ವರ್ಷ ಓಡಾಡೋದು ತಪ್ತು. ಆದ್ರೆ ಅದರಿಂದ ಕೆಜಿಗೆ ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ ಅನ್ನೋದೂ ನಿಮಗೆ ಗೊತ್ತು.

ಈಗ ನಮ್ಮ ದೇಶದ ಇವತ್ತಿನ ಕಾನೂನಿಗೆ ಬರೋಣ. 1961ರಲ್ಲಿ ಮಾದಕ ವಸ್ತುಗಳ ಮೇಲೆ ವಿಶ್ವಸಂಸ್ಥೆ ಒಪ್ಪಂದ ಆಯ್ತು. ಅದರಲ್ಲೇ ನಾರು, ಬೀಜಕ್ಕೆ ಬೆಳೆಯೋ ಹೆಂಪ್‌ಗೆ ಈ ಒಪ್ಪಂದದ ಕಟ್ಟು ಇಲ್ಲ ಅಂತ ಬರೆದಿದ್ದಾರೆ. ನಮ್ಮಲ್ಲಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ 8ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆಯೋದು ಅಪರಾಧ. 20ನೇ ಸೆಕ್ಷನ್ ಪ್ರಕಾರ ಬೆಳೆದವನಿಗೆ 10 ವರ್ಷದ ತನಕ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿ ತನಕ ದಂಡ ಆಗಬಹುದು. ಆದ್ರೆ ಅದೇ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ನಾರಿಗೆ, ಬೀಜಕ್ಕೆ, ತೋಟಗಾರಿಕೆಗೆ ಅಂತ ಸರ್ಕಾರ ಆದೇಶ ಮಾಡಿ, ಷರತ್ತು ಹಾಕಿ ಬೆಳೆಯೋಕೆ ಬಿಡಬಹುದು. ಬಾಗಿಲು ಇದೆ, ಆದ್ರೆ ಅದನ್ನ ಸರ್ಕಾರ ತೆಗೀಬೇಕು. ನಾವಾಗೇ ತಳ್ಳಿ ಒಳಗೆ ಹೋಗೋ ಹಾಗಿಲ್ಲ.

ಆ ಹುಡುಗ ಹೇಳಿದ ಇನ್ನೊಂದು ಮಾತು, 'ಬೀಜ, ಎಲೆ ಕಾನೂನಿನಲ್ಲಿ ಬರಲ್ಲ ಸಾರ್' ಅಂತ. ಅದು ಅರ್ಧ ನಿಜ. ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂವಿನ ತುದಿ. ತುದಿಯಿಂದ ಬೇರೆಯಾದ ಬೀಜ, ಎಲೆ ಅದರಲ್ಲಿ ಸೇರಲ್ಲ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಬೀಜದ ಎಣ್ಣೆಯನ್ನ ಆಹಾರ ಅಂತ ಮಾರೋಕೆ ಒಪ್ಪಿಗೇನೂ ಕೊಟ್ಟಿದೆ. ಆದ್ರೆ ಗಿಡ ಬೆಳೆಯೋದು ಬೇರೆಯದೇ ಅಪರಾಧ. ಅಂಗಡೀಲಿ ಬೀಜ ಮಾರಬಹುದು ಅಂದ ಮಾತ್ರಕ್ಕೆ ಹೊಲದಲ್ಲಿ ಬಿತ್ತಬಹುದು ಅಂತ ಅರ್ಥ ಅಲ್ಲ.

ನಮ್ಮ ಕಡೆ ಶುಂಠಿಗೆ ಜಮೀನು ಗುತ್ತಿಗೆ ಕೊಡೋರು ಇದನ್ನ ಗಮನವಿಟ್ಟು ಓದಿ. 46ನೇ ಸೆಕ್ಷನ್ ಪ್ರಕಾರ ನಿಮ್ಮ ಜಮೀನಿನಲ್ಲಿ ಯಾರೇ ಈ ಗಿಡ ಬೆಳೆದಿದ್ರೂ ಕಂಡ ಕೂಡಲೇ ತಿಳಿಸೋದು ಜಮೀನುದಾರನ ಕೆಲಸ. ಗೊತ್ತಿದ್ದೂ ಸುಮ್ಮನಿದ್ರೆ ಶಿಕ್ಷೆ ಇದೆ. ನನ್ನ ಸಂಬಂಧಿಕರೊಬ್ಬರು ಜಮೀನು ಗುತ್ತಿಗೆಗೆ ಬಿಟ್ಟು ಒಂದು ವರ್ಷ ಆ ಕಡೆ ತಿರುಗಿ ನೋಡಿರಲಿಲ್ಲ. ಬದುವಿನ ಮಗ್ಗುಲಲ್ಲಿ ಗಿಡ ಸಿಕ್ತು ಅಂತ ಸ್ಟೇಷನ್ನಿಗೆ ಕರೆಸಿದ್ರು. ನಂಗೇನೂ ಗೊತ್ತಿಲ್ಲ ಸ್ವಾಮಿ ಅಂತ ಹೇಳಿ ಒಪ್ಪಿಸೋ ಹೊತ್ತಿಗೆ ಮನುಷ್ಯ ಅರ್ಧ ಆಗಿದ್ರು. ಲೈಸೆನ್ಸ್ ಸಡಿಲ ಆಗ್ತದೆ ಅನ್ನೋ ಸುದ್ದಿಯನ್ನ ನಂಬಿ ನಾಲ್ಕು ಗಿಡ ಹಾಕಿ ನೋಡೋಣ ಅನ್ನೋ ಯೋಚನೆ ಯಾರಿಗಾದ್ರೂ ಇದ್ರೆ ದಯವಿಟ್ಟು ಬಿಡಿ.

ಹಾಗಾದ್ರೆ ಯಾವ ರಾಜ್ಯ ಬಾಗಿಲು ತೆಗೀತು? ಮೊದಲು ತೆಗೆದದ್ದು ಉತ್ತರಾಖಂಡ. ಅಲ್ಲಿನ ಗುಡ್ಡದ ಜನಕ್ಕೆ ಇದು ಹೊಸ ಗಿಡ ಅಲ್ಲ. ಅದರ ನಾರಿನಿಂದ ಹಗ್ಗ, ಒರಟು ಬಟ್ಟೆ ಮಾಡ್ತಿದ್ರು, ಬೀಜ ಹುರಿದು ಚಟ್ನಿ ಅರೀತಾರೆ. 2018ರಲ್ಲಿ ಅಲ್ಲಿನ ಸರ್ಕಾರ ನಾರು-ಬೀಜದ ಹೆಂಪ್‌ಗೆ ಲೈಸೆನ್ಸ್ ಕೊಡೋಕೆ ಶುರು ಮಾಡಿತು. ಟಿಎಚ್‌ಸಿ ಶೇ. 0.3 ದಾಟಬಾರದು ಅನ್ನೋದು ಷರತ್ತು. ಮೊದಲ ಲೈಸೆನ್ಸ್ ಹೋಗಿದ್ದು ಇಂಡಿಯನ್ ಇಂಡಸ್ಟ್ರಿಯಲ್ ಹೆಂಪ್ ಅಸೋಸಿಯೇಷನ್ ಅನ್ನೋ ಸಂಸ್ಥೆಗೆ, 1,000 ಹೆಕ್ಟೇರಿನಲ್ಲಿ ಪ್ರಯೋಗ ಮಾಡೋಕೆ. ಅಜ್ಜನ ಕಾಲದಿಂದ ಬೆಳೆದವನು ರೈತ, ಮೊದಲ ಕಾಗದ ಸಂಸ್ಥೆಯ ಹೆಸರಿಗೆ. ಹಿಮಾಚಲ ಸ್ವಲ್ಪ ನಿಧಾನ ಮಾಡಿತು. ಅಲ್ಲಿ ಕಂದಾಯ ಮಂತ್ರಿಯ ಸಮಿತಿ ವರದಿ ಕೊಟ್ಟಿತು, 2024ರಲ್ಲಿ ವಿಧಾನಸಭೆ ಅದನ್ನ ಒಪ್ಪಿತು. 2025ರ ಜನವರಿಯಲ್ಲಿ ಪಾಲಂಪುರದ ಕೃಷಿ ವಿಶ್ವವಿದ್ಯಾಲಯ, ನೌಣಿಯ ತೋಟಗಾರಿಕೆ ವಿಶ್ವವಿದ್ಯಾಲಯ ಎರಡಕ್ಕೂ ಸೇರಿ ಮೊದಲು ಪ್ರಯೋಗ ಮಾಡಿ ಅಂತ ಮಂತ್ರಿಮಂಡಲ ತೀರ್ಮಾನ ಮಾಡಿತು. ನಮ್ಮ ನೆಲಕ್ಕೆ ಯಾವ ತಳಿ ಹೊಂದುತ್ತೆ ಅಂತ ಮೊದಲು ವಿಶ್ವವಿದ್ಯಾಲಯ ಬೆಳೆದು ನೋಡಲಿ, ಆಮೇಲೆ ರೈತನ ಹೊಲಕ್ಕೆ ಬರಲಿ. ನನಗೆ ಈ ದಾರಿ ಸರಿ ಅನ್ನಿಸ್ತು.

ಶೇ. 0.3 ಅನ್ನೋ ಈ ಗೆರೆ ಎಲ್ಲಿಂದ ಬಂತು ಗೊತ್ತಾ? 1976ರಲ್ಲಿ ಕೆನಡಾದ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಸ್ಮಾಲ್ ಅನ್ನೋರು ಗಿಡಗಳನ್ನ ಜಾತಿವಾರು ವಿಂಗಡಿಸೋಕೆ ಒಂದು ಗೆರೆ ಬೇಕು ಅಂತ ಹಾಕ್ಕೊಂಡ ಅಂಕಿ ಅದು. ರೈತನ ಬೆಳೆ ಉಳಿಬೇಕೋ ಸುಡಬೇಕೋ ಅಂತ ತೀರ್ಮಾನ ಮಾಡೋಕೆ ಹಾಕಿದ್ದಲ್ಲ. ಆಮೇಲೆ ಅದನ್ನೇ ದೇಶ ದೇಶಗಳು ಕಾನೂನಿಗೆ ಎತ್ತಿಕೊಂಡ್ವು. ಇದರಿಂದ ರೈತನಿಗೆ ಏನಾಗ್ತದೆ ಅನ್ನೋದು ಅಮೆರಿಕದ ಕೆಂಟಕಿ ಕಥೆಯಲ್ಲಿ ಗೊತ್ತಾಗ್ತದೆ.

ಕೆಂಟಕಿ ಕಥೆ ಯಾಕೆ ಅಂದ್ರೆ ಅವರೂ ಹೊಗೆಸೊಪ್ಪಿನ ರೈತರು. ಒಂದು ಕಾಲದಲ್ಲಿ ಅಮೆರಿಕದಲ್ಲಿ ಹೆಂಪ್ ನಾರಿಗೆ ಹೆಸರಾದ ಸೀಮೆ ಅದು. 1937ರಲ್ಲಿ ತೆರಿಗೆ ಕಾನೂನು ತಂದು ಆ ಬೆಳೆಯ ಕತ್ತು ಹಿಸುಕಿದ್ರು. 1942ರಲ್ಲಿ ಯುದ್ಧ ಬಂದು ಹೊರಗಿನ ನಾರು ನಿಂತುಹೋದಾಗ ಅದೇ ಸರ್ಕಾರ 'ಹೆಂಪ್ ಬೆಳೀರಿ, ಗೆಲ್ಲಿಸಿ' ಅಂತ ಸಿನಿಮಾ ಮಾಡಿ ರೈತರಿಗೆ ತೋರಿಸಿತು. ಯುದ್ಧ ಮುಗೀತು, ಸರ್ಕಾರಕ್ಕೆ ಹೆಂಪ್ ಬೇಡವಾಯ್ತು. ಮುಂದೆ ಹೊಗೆಸೊಪ್ಪಿಗಿದ್ದ ಕೋಟಾ ಪದ್ಧತಿಯನ್ನ 2004ರ ಕಾನೂನಿನಲ್ಲಿ ಪರಿಹಾರ ಕೊಟ್ಟು ತೆಗೆದ್ರು. ಸಣ್ಣ ಬೆಳೆಗಾರರು ಬಹಳ ಜನ ಹೊಗೆಸೊಪ್ಪು ಬಿಟ್ರು. ಬ್ಯಾರನ್ನುಗಳು ಖಾಲಿ ನಿಂತ್ವು.

2014ರಲ್ಲಿ ಪ್ರಯೋಗಕ್ಕೆ ಅಂತ ಹೆಂಪ್‌ಗೆ ಅವಕಾಶ ಕೊಟ್ರು. ಆ ವರ್ಷವೇ ಕೆಂಟಕಿ ಕೃಷಿ ಇಲಾಖೆ ಇಟಲಿಯಿಂದ ತರಿಸಿದ ಬೀಜವನ್ನ ಕೇಂದ್ರದ ಅಧಿಕಾರಿಗಳೇ ತಡೆದು ಇಟ್ರು. ರಾಜ್ಯದ ಕೃಷಿ ಇಲಾಖೆ ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಬೇಕಾಯ್ತು. ಒಂದು ಇಲಾಖೆ ಬಿತ್ತು ಅನ್ನೋದು, ಇನ್ನೊಂದು ಇಲಾಖೆ ಹಿಡಿಯೋದು. ಬಿತ್ತೋ ಹದ ಯಾರಿಗೂ ಕಾಯಲ್ಲ ಅಂತ ಆಫೀಸಿನಲ್ಲಿ ಕೂತವರಿಗೆ ಎಲ್ಲಿ ಹೋದ್ರೂ ಅರ್ಥ ಆಗಲ್ಲ ಅನ್ಸತ್ತೆ.

2018ರ ಡಿಸೆಂಬರಿನಲ್ಲಿ ಕಾನೂನು ಪೂರ್ತಿ ಸಡಿಲ ಆಯ್ತು. ಶೇ. 0.3ರ ಒಳಗಿದ್ರೆ ಅದು ಮಾದಕ ವಸ್ತು ಅಲ್ಲ, ಬೆಳೆ ಅಂದ್ರು. 2019ರಲ್ಲಿ ದೇಶದಲ್ಲಿ 5 ಲಕ್ಷ ಎಕರೆಗೂ ಹೆಚ್ಚು ಜಮೀನಿಗೆ ಲೈಸೆನ್ಸ್ ಆಯ್ತು. ಹಳೇ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಹೆಂಪ್ ನೇತುಹಾಕಿ ಒಣಗಿಸಿದ್ರು. ಆದ್ರೆ ಅಷ್ಟು ಮಾಲು ಕೊಳ್ಳೋರು ಎಲ್ಲಿದ್ರು? ಎಣ್ಣೆ ತೆಗೆಯೋ ಕಾರ್ಖಾನೆ ಸಾಲಲಿಲ್ಲ, ಒಪ್ಪಂದ ಮಾಡಿಕೊಂಡಿದ್ದ ದೊಡ್ಡ ಕಂಪನಿಗಳೇ ದಿವಾಳಿ ಆದ್ವು, ರೇಟು ಪಾತಾಳಕ್ಕೆ ಬಿತ್ತು. 2021ರಲ್ಲಿ ಬಯಲಿನಲ್ಲಿ ಬಿತ್ತಿದ್ದು ಸುಮಾರು 54 ಸಾವಿರ ಎಕರೆ. 2022ರಲ್ಲಿ ಸುಮಾರು 28 ಸಾವಿರ ಎಕರೆ. ಲೈಸೆನ್ಸ್ ಆದ ಎಕರೆ ಎಲ್ಲ ಬಿತ್ತಿದ ಎಕರೆ ಅಲ್ಲ, ಅದು ನಿಜ. ಆದ್ರೂ ಇಳಿದ ವೇಗ ನೋಡಿ.

ಅದರ ಜೊತೆ ಲ್ಯಾಬ್ ಕಾಟ. ಈ ಗಿಡದಲ್ಲಿ ಹೂ ಬಲಿತಂತೆ ಟಿಎಚ್‌ಸಿ ಏರ್ತದೆ. ಸ್ಯಾಂಪಲ್ ತೆಗೆದ 15 ದಿನದೊಳಗೆ ಕುಯ್ಲು ಮುಗಿಸಬೇಕು ಅಂತ 2019ರ ಅಕ್ಟೋಬರಿನಲ್ಲಿ ನಿಯಮ ಮಾಡಿದ್ರು. ಗೆರೆ ದಾಟಿದ್ರೆ ಬೆಳೆ ನಾಶ. ಶೇ. 0.5 ದಾಟಿದ್ರೆ ಅದು ರೈತನ ನಿರ್ಲಕ್ಷ್ಯ ಅಂತ ಲೆಕ್ಕ. ಮಳೆ ಹಿಡಿದ್ರೆ, ಆಳು ಸಿಗದಿದ್ರೆ 15 ದಿನ ಎಲ್ಲಿ ಸಾಕು? ರೈತರು ಅರ್ಜಿ ಮೇಲೆ ಅರ್ಜಿ ಹಾಕಿದ್ರು. 2021ರ ನಿಯಮದಲ್ಲಿ 15 ದಿನ ಹೋಗಿ 30 ದಿನ ಆಯ್ತು. ನಿರ್ಲಕ್ಷ್ಯದ ಗೆರೆ ಶೇ. 0.5 ಇದ್ದಿದ್ದು ಶೇ. 1ಕ್ಕೆ ಏರಿತು. ಗೆರೆ ದಾಟಿದ ಬೆಳೆಯಲ್ಲಿ ಹೂ ತೆಗೆದು ಉಳಿದದ್ದನ್ನ ಬಳಸೋಕೆ ದಾರಿ ಬಿಟ್ರು. ಇದು ನಿಜವಾದ ಸಡಿಲಿಕೆ, ಯಾಕಂದ್ರೆ ಹೊಲದ ಕಷ್ಟ ಕೇಳಿ ಮಾಡಿದ್ದು. ಆದ್ರೆ ಇದು ಬರೋ ಹೊತ್ತಿಗೆ ರೇಟು ಬಿದ್ದು ಬಹಳ ಜನ ಕೈ ಸುಟ್ಟುಕೊಂಡು ಆಗಿತ್ತು.

ನೌಗಾಂವ್ ಮತ್ತು ಕೆಂಟಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನೌಗಾಂವಿನಲ್ಲಿ ನಿಯಮ ಬಿಗಿ ಇತ್ತು, ಆದ್ರೆ ಮಾರಾಟ ರೈತರ ಸಂಘದ ಕೈಲಿತ್ತು, ಬಹಳ ಕಾಲ ಬಾಳಿದ್ರು. ಕೆಂಟಕಿಯಲ್ಲಿ ನಿಯಮ ಸಡಿಲ ಆಯ್ತು, ಆದ್ರೆ ಕೊಳ್ಳೋರ ಗ್ಯಾರಂಟಿ ಇರಲಿಲ್ಲ, ಮೂರ್ನಾಲ್ಕು ವರ್ಷದಲ್ಲಿ ಕಥೆ ಮುಗೀತು. ಅಂದ್ರೆ ನಿಯಮ ಬಿಗಿ ಇರಲಿ ಅಂತ ನಾನು ಹೇಳ್ತಿಲ್ಲ. ಸಡಿಲ ಆಗಲೇಬೇಕು. ನಾರು ಕೊಡೋ ಬೆಳೆಗೆ ಕಳ್ಳನ ಥರ ಹೆದರಿ ಬದುಕೋದು ಯಾವ ರೈತನಿಗೂ ಬೇಡ. ಆದ್ರೆ ನಾವು ಕೇಳಬೇಕಾದ ಸಡಿಲಿಕೆ ಯಾವುದು ಅಂತ ನಮಗೆ ಗೊತ್ತಿರಬೇಕು.

ನಾಳೆ ನಮ್ಮ ರಾಜ್ಯದಲ್ಲೂ ಇದರ ಮಾತು ಬಂದು ಸಭೆ ಕರೆದ್ರೆ ನಾನು ಇಷ್ಟು ಕೇಳ್ತೀನಿ. ಲೈಸೆನ್ಸ್ ಬೆಳೆಯೋ ರೈತನ ಹೆಸರಿಗೆ, ಇಲ್ಲಾಂದ್ರೆ ನಮ್ಮದೇ ಸಂಘದ ಹೆಸರಿಗೆ ಬರಲಿ, ಕಂಪನಿ ಹೆಸರಿಗೆ ಬೇಡ. ಬೀಜ ವಿಶ್ವವಿದ್ಯಾಲಯ ಪರೀಕ್ಷೆ ಮಾಡಿ ಚೀಟಿ ಕೊಟ್ಟಿದ್ದಾಗಲಿ. ಆ ಬೀಜ ಬಿತ್ತಿ, ಹೇಳಿದ ಹಾಗೆ ಬೆಳೆದ ಮೇಲೂ ಗೆರೆ ದಾಟಿದ್ರೆ ಕೇಸು ರೈತನ ಮೇಲೆ ಹಾಕಬಾರದು, ನಷ್ಟ ಬೀಜ ಕೊಟ್ಟವರು ತುಂಬಲಿ. ಲ್ಯಾಬ್ ತಾಲ್ಲೂಕಿಗಲ್ಲದಿದ್ರೂ ಜಿಲ್ಲೆಗೊಂದಾದ್ರೂ ಇರಲಿ. ಕೊಳ್ಳೋರು ಯಾರು, ಎಷ್ಟು ಅಂತ ಬಿತ್ತೋಕೆ ಮುಂಚೆ ಬರಹದಲ್ಲಿ ಇರಲಿ.

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಮಗನ ಮುಂದೇನೇ ಕೂರಿಸಿ ಕಾಫಿ ಕೊಟ್ಟು ಕೇಳಿದೆ: 'ಅಪ್ಪಾ, ನಮ್ಮ ಸರ್ಕಾರದ ಆದೇಶದ ಪ್ರತಿ ಇದ್ಯಾ? ಲೈಸೆನ್ಸ್ ಯಾರ ಹೆಸರಲ್ಲಿ? ಟಿಎಚ್‌ಸಿ ಜಾಸ್ತಿ ಬಂದ್ರೆ ಜೈಲಿಗೆ ನೀನು ಹೋಗ್ತೀಯಾ, ನಾನು ಹೋಗಬೇಕಾ?' ಫೈಲು ತಿರುವಿ ಹಾಕಿದ, ಆಫೀಸಿಗೆ ಕೇಳಿ ಹೇಳ್ತೀನಿ ಅಂದ. ಇನ್ನೂ ಹೇಳಿಲ್ಲ. ಮಗ ಏನೂ ಮಾತಾಡಲಿಲ್ಲ. ರಾತ್ರಿ ಬ್ಯಾರನ್ ಹತ್ರ ಬಂದು 'ಆ ನೌಗಾಂವ್ ಸಂಘದ್ದು ಇನ್ನೊಂದ್ಸಲ ಹೇಳಿ ಅಪ್ಪ' ಅಂದ.

ಹೆಸರು ಬರೆಸಿರೋ ಉಳಿದವರು ದುಡ್ಡು ಕಟ್ಟೋಕೆ ಮುಂಚೆ ಇದೇ ಮೂರು ಪ್ರಶ್ನೆ ಕೇಳಿ. ಉತ್ತರ ಕಾಗದದಲ್ಲಿ ಬಂದ್ರೆ ನನಗೂ ಕಳಿಸಿ, ಇಲ್ಲೇ ಹಾಕ್ತೀನಿ. ಬೆಂಕಿ ಸಣ್ಣ ಆಗ್ತಾ ಇದೆ, ಸೌದೆ ಹಾಕಬೇಕು. ಮತ್ತೆ ಬರೀತೀನಿ.